ಜಾಗ ಬೆಳೆಯದಿದ್ದರೂ ಪಾರ್ಕ್ ಬೆಳೆಸುವುದು ಹೇಗೆ?

ಜರ್ಮನಿಯ ಕಲೋನ್ ನಗರಕ್ಕೆ ಸಮೀಪದ ಬ್ರ್ಯೂಲ್ ಎಂಬ ಊರಿನಲ್ಲಿ 1967ರಲ್ಲಿ ಆರಂಭವಾದ ಫ್ಯಾಂಟಸಿಯಾಲ್ಯಾಂಡ್ ಎಂಬ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ. ಅದರ ವಿಸ್ತೀರ್ಣ ಸುಮಾರು 28 ಹೆಕ್ಟೇರ್, ಎಂದರೆ ಎಪ್ಪತ್ತು ಎಕರೆಯ ಆಸುಪಾಸು; ನಮ್ಮ ಬಿಡದಿಯ ವಂಡರ್‌ಲಾ ಹೊಂದಿರುವ 82 ಎಕರೆಗಿಂತಲೂ ಕಡಿಮೆ. ಅದರ ಸುತ್ತ ಒಂದೆಡೆ ಜನವಸತಿ, ಇನ್ನೊಂದೆಡೆ ಕಾಯ್ದಿಟ್ಟ ನಿಸರ್ಗ ಪ್ರದೇಶ. ಹೀಗೆ ಕೈಕಾಲು ಚಾಚಲು ಎಡೆಯಿಲ್ಲದಿದ್ದರೂ ಅದು ಯುರೋಪಿನ ಅತ್ಯಂತ ಮೆಚ್ಚುಗೆ ಪಡೆದ ಪಾರ್ಕ್‌ಗಳಲ್ಲಿ ಒಂದಾಗಿದೆ. ಕೋಪನ್‌ಹೇಗನ್ನಿನ ಟಿವೊಲಿ ಇನ್ನೂ ಚಿಕ್ಕದು: 1843ರ ಆಗಸ್ಟ್ 15ರಂದು ತೆರೆದ ಆ ಉದ್ಯಾನ ಇಂದು ನಗರದ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲಿ ಸುಮಾರು 8 ಹೆಕ್ಟೇರಿನಲ್ಲಿಯೇ ನಡೆಯುತ್ತಿದೆ.

ಇಂತಹ ಪಾರ್ಕ್‌ಗಳ ಅನುಭವದಿಂದ ತಿಳಿಯುವ ಮುಖ್ಯ ಸಂಗತಿಯೊಂದಿದೆ. ‘ಜಾಗವಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕೊರತೆಗಳು ಅಡಗಿರುತ್ತವೆ. ಕೆಲವೆಡೆ ಕಟ್ಟಲು ನೆಲವೇ ಇರುವುದಿಲ್ಲ. ಕೆಲವೆಡೆ ನೆಲವಿದ್ದರೂ ಎತ್ತರಕ್ಕೆ ಮಿತಿಯಿರುತ್ತದೆ. ಇನ್ನು ಕೆಲವೆಡೆ ನೆರೆಯವರ ನಿದ್ದೆಗೆ ಭಂಗ ಬಾರದಂತೆ ಶಬ್ದಕ್ಕೆ ಕಡಿವಾಣವಿರುತ್ತದೆ. ಮತ್ತೆ ಕೆಲವೆಡೆ ರೈಡ್‌ಗಳಿಗೆ ಸ್ಥಳವಿದ್ದರೂ ಜನ ನಡೆದಾಡುವ ದಾರಿಯೇ ಇಕ್ಕಟ್ಟಾಗಿರುತ್ತದೆ. ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದನ್ನು ಉಲ್ಬಣಗೊಳಿಸಬಹುದು. ಆದ್ದರಿಂದ ಹೊಸ ರೈಡ್ ತಯಾರಕರನ್ನು ಕರೆಸುವ ಮೊದಲು ನಮ್ಮನ್ನು ನಿಜವಾಗಿ ಕಟ್ಟಿಹಾಕಿರುವುದು ಯಾವ ಕೊರತೆ ಎಂಬುದನ್ನು ಕಂಡುಕೊಳ್ಳಬೇಕು.

ಅದಕ್ಕಾಗಿ ಮೊದಲು ಪಾರ್ಕಿನ ಪೂರ್ಣ ನಕ್ಷೆಯನ್ನು ಮುಂದಿಟ್ಟುಕೊಂಡು, ಸಂದರ್ಶಕರು ಬಳಸುವ ಜಾಗಕ್ಕೆ ಒಂದು ಬಣ್ಣವನ್ನೂ ಅವರು ಕಾಲಿಡದ ಜಾಗಕ್ಕೆ ಇನ್ನೊಂದು ಬಣ್ಣವನ್ನೂ ಬಳಿಯಬೇಕು. ಗೋದಾಮು, ವರ್ಕ್‌ಶಾಪ್, ಕಚೇರಿ, ಸಿಬ್ಬಂದಿಯ ಊಟದ ಮನೆ, ಸರಕು ಲಾರಿಗಳು ತಿರುಗುವ ಅಂಗಳ, ಎಲ್ಲಕ್ಕಿಂತ ಹೆಚ್ಚಾಗಿ ವಾಹನ ನಿಲುಗಡೆ ಇವೆಲ್ಲ ಎರಡನೆಯ ಬಣ್ಣಕ್ಕೆ ಸೇರುತ್ತವೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಈ ಲೆಕ್ಕಾಚಾರದ ಅತ್ಯುತ್ತಮ ಉದಾಹರಣೆ. ಸುತ್ತಲಿನ ಜಮೀನನ್ನು ಬೇಗನೆ ಹೋಟೆಲು, ಮೋಟೆಲುಗಳು ಆಕ್ರಮಿಸಿಕೊಂಡಿದ್ದರಿಂದ ಅದಕ್ಕೆ ಹೊರಗೆ ಬೆಳೆಯುವುದು ಕಷ್ಟವಾಯಿತು. ಆದರೆ ಪಾರ್ಕಿನ ಬಾಗಿಲ ಮುಂದೆಯೇ ವಿಶಾಲವಾದ ಪಾರ್ಕಿಂಗ್ ಬಯಲು ಹರಡಿಕೊಂಡಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಕಾರುಗಳು ನಿಲ್ಲುವಂತಹ ಬಹುಮಹಡಿ ಕಟ್ಟಡವೊಂದನ್ನು 2000ದಲ್ಲಿ ಬಳಕೆಗೆ ತಂದು, ಹಳೆಯ ಬಯಲಿನಲ್ಲಿ 2001ರಲ್ಲಿ ಎರಡನೆಯ ಪಾರ್ಕನ್ನೇ ತೆರೆಯಲಾಯಿತು. ಕಾರುಗಳನ್ನು ಒಂದರ ಮೇಲೊಂದು ಮಹಡಿಯಲ್ಲಿ ನಿಲ್ಲಿಸುವುದು ರೈಡ್‌ಗಳನ್ನು ಹಾಗೆ ಜೋಡಿಸುವುದಕ್ಕಿಂತ ಎಷ್ಟೋ ಸುಲಭ ಎಂಬುದನ್ನು ಮರೆಯಬಾರದು.

ನಕ್ಷೆಯ ನಂತರದ ಕೆಲಸ ಎಣಿಕೆ. ಈಗಿರುವ ರೈಡ್‌ಗಳು ಗಂಟೆಗೆ ಎಷ್ಟು ಜನರನ್ನು ಕೂರಿಸಿಕೊಳ್ಳುತ್ತಿವೆ ಎಂದು ನೋಡಬೇಕು. ರೋಲರ್ ಕೋಸ್ಟರಿನ 24 ಆಸನಗಳ ರೈಲು ತೊಂಬತ್ತು ಸೆಕೆಂಡಿಗೊಮ್ಮೆ ಹೊರಟರೆ ಗಂಟೆಗೆ 960 ಜನ ಸವಾರಿ ಮಾಡುತ್ತಾರೆ. ಅದೇ ರೈಲು ಅರವತ್ತು ಸೆಕೆಂಡಿಗೊಮ್ಮೆ ಹೊರಟರೆ 1,440 ಜನ. ಹತ್ತುವ ಮತ್ತು ಇಳಿಯುವ ವೇದಿಕೆಗಳನ್ನು ಬೇರ್ಪಡಿಸುವುದು, ಬ್ಯಾಗುಗಳನ್ನು ಸಾಲಿನಲ್ಲಿರುವಾಗಲೇ ಪಡೆದುಕೊಳ್ಳುವುದು, ಹಳಿಯ ನಡುವೆ ಹೆಚ್ಚುವರಿ ಬ್ರೇಕುಗಳನ್ನು ಅಳವಡಿಸಿ ಏಕಕಾಲಕ್ಕೆ ಇನ್ನೊಂದು ರೈಲು ಓಡುವಂತೆ ಮಾಡುವುದು ಇವುಗಳಿಂದ, ಹೊಸ ಜಮೀನು ಕೊಳ್ಳದೆಯೇ ಪಾರ್ಕಿನ ಸಾಮರ್ಥ್ಯ ಹೆಚ್ಚುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸಾಲಿನಲ್ಲಿ ನಿಂತಿದ್ದವರು ಬೇಗ ಸವಾರಿ ಮುಗಿಸಿ ಹೊರಬಂದಾಗ ದಾರಿಗಳಲ್ಲಿಯೂ ತಿಂಡಿ ಅಂಗಡಿಗಳ ಮುಂದೆಯೂ ದಟ್ಟಣೆ ಹೆಚ್ಚುತ್ತದೆ. ಅವರಿಗೆ ಕೂರಲು, ನಡೆಯಲು ಸ್ಥಳವನ್ನು ಮೊದಲೇ ಯೋಜಿಸದಿದ್ದರೆ ಸುಧಾರಣೆಯೇ ತೊಂದರೆಯಾಗಿ ಪರಿಣಮಿಸುತ್ತದೆ.

ಇಷ್ಟಾದರೂ ಹೊಸ ಆಕರ್ಷಣೆ ಬೇಕೇಬೇಕು ಎಂದಾದಾಗ, ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ವಯಸ್ಸನ್ನು ಮಾತ್ರ ನೋಡಿ ಹಳೆಯ ರೈಡ್‌ಗಳನ್ನು ಕಿತ್ತುಹಾಕುವುದು ತಪ್ಪು. ಟಿವೊಲಿಯಲ್ಲಿ 1914ರ ಮರದ ರೋಲರ್ ಕೋಸ್ಟರ್ ಇಂದಿಗೂ ಓಡುತ್ತಿದೆ, ರೈಲಿನ ಮೇಲೆಯೇ ಕುಳಿತ ನೌಕರನೊಬ್ಬ ಅದರ ಬ್ರೇಕನ್ನು ಕೈಯಿಂದ ನಿಯಂತ್ರಿಸುತ್ತಾನೆ. ಜನ ಆ ಉದ್ಯಾನಕ್ಕೆ ಹೋಗುವ ಕಾರಣಗಳಲ್ಲಿ ಅದೂ ಒಂದು. 2004ರಲ್ಲಿ ತಲೆಕೆಳಗಾಗಿ ಸುತ್ತುವ ಹೊಸ ಕೋಸ್ಟರ್ ಬಂದಾಗ ಎಡೆ ಬಿಟ್ಟುಕೊಟ್ಟದ್ದು ಅದಲ್ಲ, ಬೇರೊಂದು ಚಿಕ್ಕ ಕೋಸ್ಟರ್. ಮರಗಳು, ಹೂವಿನ ಪಾತಿಗಳು, ಬೆಂಚುಗಳು ‘ಖಾಲಿ ಜಾಗ’ ಎಂದು ನಕ್ಷೆಯಲ್ಲಿ ಕಾಣುತ್ತವೆ, ಆದರೆ ಮಗುವನ್ನು ಹೆಗಲಿಗೇರಿಸಿಕೊಂಡು ದಣಿದ ತಾಯಿಗೂ ಬಿಸಿಲಲ್ಲಿ ನಿಲ್ಲಲಾಗದ ಅಜ್ಜನಿಗೂ ಪಾರ್ಕ್ ಎಂದರೆ ಅದೇ ನೆರಳು. ಅದನ್ನು ಕೊನೆಯವರೆಗೂ ಕಾಪಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎತ್ತರಕ್ಕೆ ಮಿತಿಯಿರುವೆಡೆ ಕೆಳಕ್ಕೆ ಹೋಗಬೇಕು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ರೈಡ್‌ಗಳು ಸುತ್ತಲಿನ ಮರಗಳ ತುದಿಯನ್ನು ಮೀರಬಾರದೆಂಬ ನಿರ್ಬಂಧವಿದೆ. ಅಲ್ಲಿ 1994ರ ‘ನೆಮೆಸಿಸ್’ ಕೋಸ್ಟರಿಗಾಗಿ ಬಂಡೆಯನ್ನು ಸಿಡಿಸಿ ಕಂದಕ ತೋಡಲಾಯಿತು. ಹಳಿ ಆಕಾಶಕ್ಕೇರುವ ಬದಲು ಕಲ್ಲಿನ ಗೋಡೆಗಳ ನಡುವೆ ಇಳಿದು ಸುತ್ತುತ್ತದೆ. ಗೋಡೆ ಹತ್ತಿರದಲ್ಲಿದ್ದಷ್ಟೂ ವೇಗ ಹೆಚ್ಚೆನಿಸುವುದರಿಂದ ಸವಾರಿಯ ರೋಮಾಂಚನ ಕಡಿಮೆಯಾಗದೆ ಇನ್ನಷ್ಟು ಏರಿತು. 1998ರ ‘ಒಬ್ಲಿವಿಯನ್’ ನೆಲದೊಳಗಿನ ಸುರಂಗಕ್ಕೇ ಧುಮುಕುತ್ತದೆ. ಆದರೆ ತೋಡಿದ ಕಡೆ ನೀರು ನಿಲ್ಲುವುದು ಸಹಜ. ಮಳೆ ಜೋರಾಗಿರುವ ಪ್ರದೇಶದಲ್ಲಿ ಪಂಪು, ಚರಂಡಿಗಳ ವೆಚ್ಚವನ್ನು ಆರಂಭದಲ್ಲಿಯೇ ಸೇರಿಸಿಕೊಳ್ಳಬೇಕು.

ನೆಲದಡಿಯಿಂದ ಗಡಿಯನ್ನು ದಾಟುವ ಉಪಾಯವೂ ಇದೆ. ಡಿಸ್ನಿಲ್ಯಾಂಡಿನ ಸುತ್ತ ಮಣ್ಣಿನ ದಿಬ್ಬವೊಂದಿದೆ, ಅದರ ಮೇಲೆ ಪುಟ್ಟ ರೈಲು ಓಡುತ್ತದೆ. 1967ರಲ್ಲಿ ತೆರೆದ ಕಡಲ್ಗಳ್ಳರ ದೋಣಿ ಸವಾರಿಯಲ್ಲಿ ದೋಣಿಗಳು ಎರಡು ಜಾರುಗಳಲ್ಲಿ ಇಳಿದು, ರೈಲು ಹಳಿಯ ಕೆಳಗೆ ನುಸುಳಿ, ದಿಬ್ಬದ ಆಚೆ ಇರುವ ದೊಡ್ಡ ಕಟ್ಟಡವನ್ನು ಸೇರುತ್ತವೆ. 1969ರ ಭೂತಬಂಗಲೆಯಲ್ಲಿ ಗೋಡೆಗಳು ಮೇಲಕ್ಕೆ ಹಿಗ್ಗುವಂತೆ ತೋರುವ ಕೋಣೆ ವಾಸ್ತವವಾಗಿ ಒಂದು ಲಿಫ್ಟ್. ಸಂದರ್ಶಕರಿಗೆ ಅರಿವಾಗದಂತೆ ಅವರನ್ನು ಕೆಳಗಿಳಿಸಿ ಅದೇ ರೀತಿ ಹೊರಗಿನ ಕಟ್ಟಡಕ್ಕೆ ಕರೆದೊಯ್ಯುತ್ತದೆ. ಪಾರ್ಕಿನ ಒಳಗೆ ಬಾಗಿಲಿನಷ್ಟು ಮುಂಭಾಗ ಸಾಕು, ಸವಾರಿಯ ದೊಡ್ಡ ಒಡಲು ಹಿಂಬದಿಯ ಜಮೀನಿನಲ್ಲಿರಬಹುದು. ನಾನು ನೋಡಿದಂತೆ, ಜಾಗದ ಸಮಸ್ಯೆಯನ್ನು ಕಥೆಯ ಭಾಗವಾಗಿಸಿದ ಇದಕ್ಕಿಂತ ಸೊಗಸಾದ ವಿನ್ಯಾಸ ಬೇರೆ ಇಲ್ಲ.

ಇನ್ನುಳಿದದ್ದು ಹೆಣೆಯುವುದು, ಬುಟ್ಟಿ ಹೆಣೆಯುವವರು ಬಿದಿರ ಸೀಳುಗಳನ್ನು ಒಂದರ ಅಡಿಯಿಂದ ಇನ್ನೊಂದನ್ನು ತೂರಿಸುವಂತೆ ಹಳಿ, ದಾರಿ, ಕಟ್ಟಡಗಳನ್ನು ಒಂದರೊಳಗೊಂದು ಸೇರಿಸುವುದು. ಫ್ಯಾಂಟಸಿಯಾಲ್ಯಾಂಡಿನಲ್ಲಿ 2016ರಲ್ಲಿ ಆರಂಭವಾದ ‘ಟಾರೋನ್’ 1,320 ಮೀಟರ್ ಉದ್ದವಿದ್ದು, ಗಂಟೆಗೆ 117 ಕಿ.ಮೀ. ವೇಗದಲ್ಲಿ ಓಡುತ್ತದೆ. ಎತ್ತರ ಮಾತ್ರ 30 ಮೀಟರ್. ಅಷ್ಟು ಉದ್ದದ ಹಳಿಯನ್ನು ಚಿಕ್ಕ ಜಾಗದಲ್ಲಿ ಕೂಡಿಸಲು ಅದು ಐವತ್ತಕ್ಕೂ ಹೆಚ್ಚು ಕಡೆ ತನ್ನನ್ನು ತಾನೇ ಅಡ್ಡಹಾಯುವಂತೆ ವಿನ್ಯಾಸಗೊಳಿಸಿದರು; ಅದೇ ಕಲ್ಲಿನ ಹಳ್ಳಿಯ ಪರಿಸರದೊಳಗೆ ಇನ್ನೊಂದು ಕೋಸ್ಟರ್ ಹಾಗೂ ಜನ ನಡೆಯುವ ಓಣಿಗಳೂ ಇವೆ. 2020ರಲ್ಲಿ ಅಲ್ಲಿ ತೆರೆದ ‘ಫ್ಲೈ’ ಎಂಬ ಕೋಸ್ಟರಿನ ಹಳಿಗಳ ನಡುವೆಯೇ ಹೋಟೆಲೊಂದಿದೆ. ಟೋಕಿಯೊ ಡೋಮ್ ಸಿಟಿಯಲ್ಲಿ 2003ರ ‘ಥಂಡರ್ ಡಾಲ್ಫಿನ್’ ಅಂಗಡಿ ಸಂಕೀರ್ಣದ ಛಾವಣಿಯ ಮೇಲೆ ಹಾಯ್ದು, ಕಟ್ಟಡದ ಗೋಡೆಯಲ್ಲಿನ ತೂತನ್ನೂ ನಡುವೆ ಅಚ್ಚು, ಕಡ್ಡಿಗಳಿಲ್ಲದ ಜಯಂಟ್ ವೀಲನ್ನೂ ಭೇದಿಸಿಕೊಂಡು ಹೋಗುತ್ತದೆ.

ಈ ಬಗೆಯ ಹೆಣಿಗೆಗೆ ಅತ್ಯಂತ ಕಟ್ಟುನಿಟ್ಟಿನ ಸುರಕ್ಷತೆ ಬೇಕು. ಕುಳಿತವರು ಕೈಕಾಲು ಚಾಚಿದರೂ ಏನೂ ತಾಗದಷ್ಟು ಖಾಲಿ ಜಾಗ ಹಳಿಯುದ್ದಕ್ಕೂ ಇರಬೇಕು. ಜನರನ್ನು ಹತ್ತಿಸುವ ಮೊದಲು ಆ ಅಳತೆಯ ಚೌಕಟ್ಟೊಂದನ್ನು ರೈಲಿಗೆ ಕಟ್ಟಿ, ಇಡೀ ಹಳಿಯ ಮೇಲೆ ನಿಧಾನವಾಗಿ ಎಳೆದು ಪರೀಕ್ಷಿಸಬೇಕು. ದಾರಿಯ ಮೇಲೆ ಹಳಿ ಹಾಯುವಲ್ಲೆಲ್ಲ ಬಲೆ ಅಥವಾ ಚಾವಣಿ ಕಡ್ಡಾಯ. ಥಂಡರ್ ಡಾಲ್ಫಿನ್‌ನಿಂದ 2010ರ ಕೊನೆಯಲ್ಲಿ ಬೋಲ್ಟೊಂದು ಬಿದ್ದು ಕೆಳಗಿದ್ದ ಬಾಲಕಿಗೆ ತಗುಲಿದ ಮೇಲೆ ಆ ರೈಡ್ 2013ರವರೆಗೆ ಮುಚ್ಚಿತ್ತು. ರೈಲು ನಡುದಾರಿಯಲ್ಲಿ ನಿಂತರೆ ಸವಾರರನ್ನು ಇಳಿಸುವ ಮೆಟ್ಟಿಲುಗಳು ಎಲ್ಲಿ, ಬೆಂಕಿ ಆರಿಸುವ ವಾಹನ ಎಲ್ಲಿಂದ ಬರುತ್ತದೆ ಎಂಬುದು ಮೊದಲ ನಕ್ಷೆಯಲ್ಲಿಯೇ ಇರಬೇಕು.

ಕಟ್ಟುವ ಕ್ರಮವೂ ಅಷ್ಟೇ ಮುಖ್ಯ. ಇಕ್ಕಟ್ಟಾದ ಪಾರ್ಕಿನಲ್ಲಿ ಕ್ರೇನ್ ನಿಲ್ಲಲು ಬೇಕಾದ ಜಾಗವೇ ದುಬಾರಿ. ಒಳಭಾಗದ ಕಂಬಗಳನ್ನು ಮೊದಲು ನಿಲ್ಲಿಸಿ, ಕ್ರೇನ್ ಹಿಂದೆ ಸರಿಯುತ್ತ ಬರುವ ದಾರಿಯನ್ನು ಕೊನೆಯಲ್ಲಿ ಮುಚ್ಚುವಂತೆ ಯೋಜಿಸಬೇಕು. ಇಲ್ಲವಾದರೆ ಮುಗಿದ ಕೆಲಸವನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ. ಮುಂದೆ ಮೋಟಾರ್ ಬದಲಿಸಬೇಕಾದಾಗ ಅದನ್ನು ಹೊರತೆಗೆಯುವ ದಾರಿಯನ್ನೂ ಆಗಲೇ ಉಳಿಸಿಕೊಳ್ಳಬೇಕು.

ನೆಲ, ಆಳ, ಎತ್ತರ ಮೂರೂ ಮುಗಿದಾಗ ಉಳಿಯುವುದು ಕಾಲ. ಬೇಸಿಗೆಯಲ್ಲಷ್ಟೇ ತೆರೆಯುತ್ತಿದ್ದ ಟಿವೊಲಿ 1994ರಲ್ಲಿ ಕ್ರಿಸ್‌ಮಸ್ ಋತುವನ್ನೂ 2006ರಲ್ಲಿ ಹ್ಯಾಲೋವೀನ್ ಋತುವನ್ನೂ ಆರಂಭಿಸಿತು. ಒಂದೇ ನೆಲ ವರ್ಷದಲ್ಲಿ ಹೆಚ್ಚು ದಿನ ದುಡಿದರೆ ಅದೂ ವಿಸ್ತರಣೆಯೇ. ಆದರೆ ನಿರ್ವಹಣೆಗೆ ಮೀಸಲಾಗಿದ್ದ ದಿನಗಳನ್ನು ಅದಕ್ಕಾಗಿ ಕಬಳಿಸಬಾರದು. ರೈಡ್‌ಗಳನ್ನು ಸರದಿಯಂತೆ ಮುಚ್ಚಿ ದುರಸ್ತಿ ಮಾಡುವ ವೇಳಾಪಟ್ಟಿ ಇರಬೇಕು.

ಅನುಮತಿಯ ಕೆಲಸವನ್ನು ಕೊನೆಗೆ ಹೇಳುತ್ತಿದ್ದರೂ ಅದನ್ನು ಎಲ್ಲಕ್ಕಿಂತ ಮೊದಲು ಆರಂಭಿಸಬೇಕು. ಡಿಸ್ನಿಲ್ಯಾಂಡ್ 2021ರಲ್ಲಿ ಮುಂದಿಟ್ಟ ಯೋಜನೆಗೆ ಅನಾಹೈಮ್ ನಗರಸಭೆಯ ಅಂತಿಮ ಒಪ್ಪಿಗೆ ದೊರೆತದ್ದು 2024ರ ಮೇ ತಿಂಗಳಲ್ಲಿ. ಅಲ್ಲಿ ಮುಖ್ಯವಾಗಿ ಕೇಳಿದ್ದು ಹೊಸ ಜಮೀನನ್ನಲ್ಲ. ಈಗಾಗಲೇ ತನ್ನ ಒಡೆತನದಲ್ಲಿರುವ ನೆಲದಲ್ಲಿ ಹೋಟೆಲು, ಪಾರ್ಕಿಂಗ್, ರೈಡ್ ಎಂದು ಪ್ರತ್ಯೇಕವಾಗಿ ನಿಗದಿಯಾಗಿದ್ದ ಬಳಕೆಗಳನ್ನು ಬೆರೆಸಲು ಅವಕಾಶವನ್ನು ಕೇಳಲಾಗಿತ್ತು. ಅದಕ್ಕೇ ಮೂರು ವರ್ಷ ಹಿಡಿಯಿತು. ಆದ್ದರಿಂದ ನಕ್ಷೆಯ ಮೊದಲ ಪ್ರತಿ ಸಿದ್ಧವಾದ ಕೂಡಲೇ ಅಕ್ಕಪಕ್ಕದ ನಿವಾಸಿಗಳನ್ನು ಕರೆದು, ಶಬ್ದ ಎಷ್ಟು ಗಂಟೆಗೆ ನಿಲ್ಲುತ್ತದೆ, ವಾಹನಗಳು ಯಾವ ರಸ್ತೆಯಲ್ಲಿ ಬರುತ್ತವೆ, ಯಾವ ಮರಗಳು ಉಳಿಯುತ್ತವೆ ಎಂಬುದನ್ನು ಬರಹದಲ್ಲಿಯೇ ಕೊಟ್ಟು, ಅವರು ಸೂಚಿಸಿದ ಬದಲಾವಣೆಗಳನ್ನು ಅಡಿಪಾಯ ಹಾಕುವ ಮೊದಲೇ ವಿನ್ಯಾಸದಲ್ಲಿ ಸೇರಿಸಬೇಕು.