ಮಳೆಗಾಲದಲ್ಲಿ ಅನ್ನಮ್ಮನವರ ಸ್ವರೂಪ (ಪ್ರತಿಮೆ) ಕಾಪಾಡುವುದು

ವಿರಾಜಪೇಟೆ ಕಡೆಯ ನಮಗೆ ಸಂತ ಅನ್ನಮ್ಮ ಅಂದರೆ ಮನೆಯ ಅಜ್ಜಿ ಇದ್ದ ಹಾಗೆ. ಯೇಸುವಿಗಂತೂ ಅಜ್ಜಿಯೇ ಅಲ್ವಾ! ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ, ಇಲ್ಲಿ ಶುರುವಾದ ದೇವಾಲಯವೂ ಅವರ ಹೆಸರಿನದೇ. ಹಬ್ಬ ಮಾತ್ರ ಜುಲೈ 26ಕ್ಕೆ, ಅದಕ್ಕೂ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನವೇನ, 17ಕ್ಕೇ ಶುರು. ಆ ಹೊತ್ತಿಗೆ ಕೊಡಗಿನಲ್ಲಿ ಗೋಡೆಯೂ ಬೆವರುತ್ತಿರುತ್ತದೆ.

ಪೀಠ ಅಲಂಕಾರಕ್ಕೆ ಬರುವ ಹುಡುಗಿಯರ ಕೈಯಿಂದ ನಾನು ಮೊದಲು ಕಿತ್ತುಕೊಳ್ಳುವುದು ಒದ್ದೆ ಬಟ್ಟೆಯನ್ನು. ಸ್ವರೂಪ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದಾದರೆ ನೀರು ಒಳಗಿಳಿದು ಪ್ಲಾಸ್ಟರ್ ಮೆತ್ತಗಾಗುತ್ತದೆ, ಬಣ್ಣ ಏಳುತ್ತದೆ. ಮರದ್ದಾದರೆ ಉಬ್ಬಿ ಬಿರುಕು ಬಿಡುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಮುಖಕ್ಕೆ ಹಚ್ಚುವ ಮೇಕಪ್ ಬ್ರಷ್ ಹೊಸದು ಒಂದಿದ್ದರೆ ಇನ್ನೂ ಒಳ್ಳೆಯದು. ಮೇಲಿನಿಂದ ಕೆಳಗೆ ಧೂಳು ಬಿಡಿಸಿ. ಚಿನ್ನದ ಅಂಚನ್ನು ಉಜ್ಜಲೇಬೇಡಿ. ಹೊಳಪಿಗೆ ಅಂತ ತೆಂಗಿನೆಣ್ಣೆಯನ್ನೂ ಬಳಿಯಬೇಡಿ, ಧೂಳು ಹಿಡಿಯುತ್ತದೆ.

ಎತ್ತುವಾಗ ಒಂದು ಕೈ ಬುಡಕ್ಕೆ, ಒಂದು ಕೈ ಬೆನ್ನಿಗೆ. ಅನ್ನಮ್ಮನವರು ಮಗಳು ಮರಿಯಮ್ಮನಿಗೆ ಓದು ಕಲಿಸುವ ಸ್ವರೂಪವೇ ನಮ್ಮಲ್ಲಿ ಜಾಸ್ತಿ. ಅದರಲ್ಲಿ ಪುಸ್ತಕದ ಮೇಲಿಟ್ಟ ಬೆರಳೇ ಮೊದಲು ಮುರಿಯುವುದು. ಬೈಬಲಿನಲ್ಲಿ ಅವರ ಹೆಸರೇ ಇಲ್ಲ, 2ನೇ ಶತಮಾನದ ಒಂದು ಬರಹದಿಂದ ಬಂದದ್ದು. ಆದರೂ ಆ ಬೆರಳು ಮುರಿದರೆ ಊರೇ ಅಳುತ್ತದೆ!

ಸ್ವರೂಪವನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಗಾಳಿಯಾಡಲಿ. ಬೂಷ್ಟು ಕಂಡರೆ ಮೂಗಿಗೆ ಬಟ್ಟೆ ಕಟ್ಟಿ, ಹೊರಗೆ ಜಗಲಿಗೆ ತಂದು ಒಣ ಬ್ರಷ್‌ನಿಂದ ತೆಗೆಯಿರಿ. ಬಿಸಿಲು ಬಂತೆಂದು ಅಂಗಳದಲ್ಲಿ ಕಾಫಿ ಹರವಿದ ಹಾಗೆ ಒಣಗಿಸಬೇಡಿ, ಮರ ಸೀಳುತ್ತದೆ. ಬುಡದಲ್ಲಿ ಹಿಟ್ಟಿನಂಥ ಮರದ ಪುಡಿ ಬಿದ್ದಿದ್ದರೆ ಹುಳ ಹೊಕ್ಕಿದೆ ಎಂದರ್ಥ. ಬೇರೆ ಸ್ವರೂಪಗಳಿಂದ ದೂರವಿಟ್ಟು ಫಾದರ್‌ಗೆ ಹೇಳಿ.

ಹೂವಿನದೂ ಒಂದು ಕಾಟ. ನೀರು ಚಿಮುಕಿಸಿದ ಮಲ್ಲಿಗೆ ಹಾರವನ್ನು ಕೊರಳಿಗೆ ಹಾಕುವುದು ಭಕ್ತಿಯೇ, ಸರಿ. ಆದರೆ ಕಲೆ ಕೊರಳಲ್ಲೇ ಉಳಿಯುತ್ತದೆ. ಹಾರವನ್ನು ಪೀಠದ ಅಂಚಿಗೆ ಕಟ್ಟಿ. ಮೇಣದಬತ್ತಿ ಎರಡು ಅಡಿ ದೂರ ಇರಲಿ, ಮಸಿ ಮುಖಕ್ಕೇ ಹೋಗುತ್ತದೆ.

ಬಣ್ಣ ಮಾಸಿದರೆ ಸುಮ್ನೆ ಎನಾಮೆಲ್ ಡಬ್ಬ ತರಬೇಡಿ. ಹಳೆಯ ಕೆಂಪು ಅಂಗಿ, ಹಸಿರು ಹೊದಿಕೆ ಮುಚ್ಚಿಹೋದರೆ ಮತ್ತೆ ಬರುವುದಿಲ್ಲ. ಉದುರಿದ ಚೂರುಗಳನ್ನು ಒಣ ಕಾಗದದ ಕವರಿನಲ್ಲಿ ಹಾಕಿ, ತಾರೀಖು ಬರೆದಿಡಿ. ಮುಂದೆ ತಿಳಿದವರು ಬಂದು ಸರಿಪಡಿಸುವಾಗ ಬೇಕಾಗುವುದು ಅದೇ.