ಡೆಬಿಯನ್‌ನಲ್ಲಿ ಅಪ್‌ಲೋಡ್ ಹಕ್ಕು: ಡಿಎಂ ಆಗಲು ನಾನು ಹಿಡಿದ ದಾರಿ

ಡೆಬಿಯನ್ ಸ್ವಯಂಸೇವಕರು ಕಟ್ಟುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ; ಅದರ ತಂತ್ರಾಂಶಗಳು ಪ್ಯಾಕೇಜು ಎಂಬ ಕಟ್ಟುಗಳಾಗಿ ಆರ್ಕೈವ್ ಎಂಬ ಭಂಡಾರದಲ್ಲಿರುತ್ತವೆ. ಅಪ್‌ಲೋಡ್ ಹಕ್ಕಿರುವ ಡೆಬಿಯನ್ ಡೆವಲಪರ್ ಆರ್ಕೈವ್‌ನ ಯಾವ ಪ್ಯಾಕೇಜಿಗಾದರೂ ಕೈ ಹಾಕಬಹುದು. ಡೆಬಿಯನ್ ಮೇಂಟೇನರ್, ಬಳಕೆಯ ಮಾತಲ್ಲಿ ಡಿಎಂ, ತನಗೆ ಹೆಸರಿಸಿ ಕೊಟ್ಟ ಪ್ಯಾಕೇಜುಗಳನ್ನು ಮಾತ್ರ ಅಪ್‌ಲೋಡ್ ಮಾಡಬಹುದು. 2007ರ ಸಾಮಾನ್ಯ ಮತದಾನದಿಂದ ಹುಟ್ಟಿದ ಈ ಎರಡನೆಯ ದರ್ಜೆಯನ್ನೇ ನಾನು ಕೇಳಿದ್ದು. ನೋಡಿಕೊಳ್ಳುವ ಪ್ಯಾಕೇಜು ಮೂರೋ ನಾಲ್ಕೋ ಇರುವಾಗ ಅಷ್ಟು ಸಾಕು.

ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನದು: ನಾವು ಕಳಿಸಿದ ಪ್ಯಾಕೇಜನ್ನು ತೆರೆದು ನೋಡಿದ ಸ್ಪಾನ್ಸರ್‌ಗೆ (ನಮ್ಮ ಪರವಾಗಿ ಅಪ್‌ಲೋಡ್ ಮಾಡುವ ಡೆವಲಪರ್‌ಗೆ) ತಿದ್ದಲು ಏನೂ ಸಿಗದ ಸ್ಥಿತಿ ತಲುಪುವುದು. ಸಾಲಾಗಿ ನಾಲ್ಕೈದು ಅಪ್‌ಲೋಡ್ ಹೀಗೆ ಆದರೆ ಅಡ್ವೊಕೇಟ್ (ನಮ್ಮ ಅರ್ಜಿಗೆ ಶಿಫಾರಸು ಬರೆಯುವವರು) ಆಗಲು ಅವರನ್ನು ಕೇಳಬಹುದು. ಅದಕ್ಕೆ ಮೊದಲು ಕೇಳಿದರೆ ಅವರಿಗೂ ಮುಜುಗರ, ನಮಗೂ ಮುಜುಗರ.

ಪ್ಯಾಕೇಜಿನ ಆಯ್ಕೆಯಲ್ಲೇ ಅರ್ಧ ದಾರಿ ಉಳಿತಾಯವಾಗುತ್ತದೆ. ಹೊಸ ಪ್ಯಾಕೇಜ್ ತರಲು ಹೊರಟರೆ ಅದು ಹೊಸ ಪ್ಯಾಕೇಜುಗಳನ್ನು ಪರಿಶೀಲಿಸುವ 'ನ್ಯೂ' ಸರದಿಯಲ್ಲಿ ಕೂರುತ್ತದೆ, ಅದು ಹೊರಬರುವ ದಿನ ನಮ್ಮ ಕೈಯಲ್ಲಿಲ್ಲ. ನೋಡಿಕೊಳ್ಳುವವರಿಲ್ಲದೆ ಅನಾಥವೆಂದು ಗುರುತಾದ, ಆದರೆ ಅಪ್‌ಸ್ಟ್ರೀಮ್ (ಆ ತಂತ್ರಾಂಶವನ್ನು ಬರೆಯುವ ಮೂಲ ತಂಡ) ಇನ್ನೂ ಬಿಡುಗಡೆ ಮಾಡುತ್ತಿರುವ ಪ್ಯಾಕೇಜನ್ನು ದತ್ತು ತೆಗೆದುಕೊಂಡರೆ ವರ್ಷಕ್ಕೆ ಹಲವು ಅಪ್‌ಲೋಡ್ ಸಿಗುತ್ತವೆ. ತಂಡವೊಂದರ ನೆರಳಿನಲ್ಲಿರುವ ಪ್ಯಾಕೇಜಾದರೆ ಇನ್ನೂ ಒಳ್ಳೆಯದು, ಸ್ಪಾನ್ಸರ್ ಹುಡುಕುವ ಅಲೆದಾಟ ತಪ್ಪುತ್ತದೆ.

ಬಿಲ್ಡ್ ಯಾವಾಗಲೂ ಎಸ್‌ಬಿಲ್ಡ್ ಎಂಬ ಸಾಧನದಲ್ಲಿ, ಅನ್‌ಸ್ಟೇಬಲ್‌ನ (ಡೆಬಿಯನ್‌ನ ಬೆಳೆಯುತ್ತಿರುವ ಶಾಖೆಯ) ಖಾಲಿ ಕ್ರೂಟ್ ಒಳಗೆ, ಅಂದರೆ ಉಳಿದ ಯಂತ್ರದಿಂದ ಬೇರ್ಪಟ್ಟ ಜಾಗದೊಳಗೆ. ನಮ್ಮ ಸ್ವಂತ ಯಂತ್ರದಲ್ಲಿ ಯಾವತ್ತೋ ಹಾಕಿಕೊಂಡ ಡೆವ್ ಪ್ಯಾಕೇಜುಗಳು ಬಿಲ್ಡ್-ಡಿಪೆಂಡ್ಸ್‌ನಲ್ಲಿ (ಬಿಲ್ಡ್‌ಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಲ್ಲಿ) ಬಿಟ್ಟುಹೋದ ಸಾಲನ್ನು ಮುಚ್ಚಿಹಾಕುತ್ತವೆ. ಬಿಲ್ಡ್ ಸರ್ವರ್‌ನಲ್ಲಿ ಅದೇ ಪ್ಯಾಕೇಜ್ ಬಿದ್ದುಹೋಗುತ್ತದೆ. ಪ್ಯಾಕೇಜ್ ಕಟ್ಟುವ ಸಾಧನ ಡೆಬ್‌ಹೆಲ್ಪರ್‌ನ ಕಂಪ್ಯಾಟ್ ಮಟ್ಟವನ್ನು 12ರಿಂದ 13ಕ್ಕೆ ಏರಿಸಿದ ದಿನ ಬಿಲ್ಡ್ ನಿಂತುಹೋದರೆ ಹೆಚ್ಚಿನ ಸಲ ಕಾರಣ ಒಂದೇ. ಅಪ್‌ಸ್ಟ್ರೀಮ್ ಇನ್‌ಸ್ಟಾಲ್ ಮಾಡಿದ ಯಾವುದೋ ಫೈಲು ಯಾವ ಬೈನರಿ ಪ್ಯಾಕೇಜಿಗೂ ಸೇರಿಲ್ಲ. 13ರಲ್ಲಿ ಅದು ಎಚ್ಚರಿಕೆಯಲ್ಲ, ದೋಷ. ಬೇಕಾದ ಫೈಲಾದರೆ ಇನ್‌ಸ್ಟಾಲ್ ಪಟ್ಟಿಗೆ ಸೇರಿಸಿ, ಬೇಡದ್ದಾದರೆ 'ನಾಟ್-ಇನ್‌ಸ್ಟಾಲ್ಡ್' ಫೈಲಿನಲ್ಲಿ ಬರೆಯಿರಿ. ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಓವರ್‌ರೈಡ್ ಹಾಕಿದರೆ ಸ್ಪಾನ್ಸರ್ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಓಡಿಸುವಾಗ ಪೆಡ್ಯಾಂಟಿಕ್ (ಅತಿ ಸಣ್ಣ ಆಕ್ಷೇಪಗಳ) ಮಟ್ಟದವರೆಗೂ ತೋರಿಸಲು ಹೇಳಿ. ಬಂದ ಪ್ರತಿ ಸಾಲನ್ನೂ ತಿದ್ದಲೇಬೇಕೆಂದಿಲ್ಲ, ಯಾಕೆ ಬಂತೆಂದು ಗೊತ್ತಿರಬೇಕು ಅಷ್ಟೇ. ಲಿಂಟಿಯನ್ ಹಿಡಿಯದ ತಪ್ಪಿಗೆ ಪಿಯುಪಾರ್ಟ್ಸ್ ಇದೆ. ಅದು ಪ್ಯಾಕೇಜನ್ನು ಹಾಕಿ, ಹಳೆಯದರಿಂದ ಹೊಸದಕ್ಕೆ ಏರಿಸಿ, ಪರ್ಜ್ ಮಾಡಿ (ಸೆಟ್ಟಿಂಗ್ ಫೈಲುಗಳ ಸಮೇತ ತೆಗೆದು), ಹಿಂದೆ ಏನಾದರೂ ಉಳಿಯಿತೇ ಎಂದು ನೋಡುತ್ತದೆ.

ಹೊಸಬರು ಎಡವುವ ಜಾಗ ಈ 'ಏರಿಸುವ' ಹಂತವೇ. ಮ್ಯಾನ್ ಪುಟವೊಂದು ಮುಖ್ಯ ಪ್ಯಾಕೇಜಿನಲ್ಲಿತ್ತು ಎನ್ನೋಣ. 2.1-3ರಲ್ಲಿ ಅದನ್ನು ಈಗಾಗಲೇ ಇರುವ ಡಾಕ್ ಪ್ಯಾಕೇಜಿಗೆ ಸಾಗಿಸಿದಿರಿ. ಖಾಲಿ ಯಂತ್ರದಲ್ಲಿ ಹಾಕಿದರೆ ಎಲ್ಲ ಸರಿ. ಹಳೆಯ ಆವೃತ್ತಿ ಇರುವ ಯಂತ್ರದಲ್ಲಿ ಡಾಕ್ ಪ್ಯಾಕೇಜ್ ಮೊದಲು ಬಿಚ್ಚಿಕೊಂಡರೆ, ಆ ಫೈಲು ಇನ್ನೂ ಮುಖ್ಯ ಪ್ಯಾಕೇಜಿನ ಸ್ವತ್ತು, ಅದರ ಮೇಲೆ ಬರೆಯಲಾಗದು ಎಂದು ಪ್ಯಾಕೇಜುಗಳನ್ನು ಹಾಕುವ ಸಾಧನ ಡಿಪಿಕೆಜಿ ನಿಲ್ಲುತ್ತದೆ. ಪರಿಹಾರ: ಡಾಕ್ ಪ್ಯಾಕೇಜಿನಲ್ಲಿ ಬ್ರೇಕ್ಸ್ (ಆ ಆವೃತ್ತಿಯ ಜೊತೆ ಇರಲಾರೆ) ಮತ್ತು ರಿಪ್ಲೇಸಸ್ (ಅದರ ಫೈಲಿನ ಮೇಲೆ ಬರೆಯಬಲ್ಲೆ) ಎರಡೂ ಸಾಲು, ಎರಡರಲ್ಲೂ ಮುಖ್ಯ ಪ್ಯಾಕೇಜಿನ ಹೆಸರಿನ ಮುಂದೆ (<< 2.1-3~). ಮೊದಲ ಗುರುತಿನ ಅರ್ಥ 'ಇದಕ್ಕಿಂತ ಹಳೆಯದು'. ಕೊನೆಯ ಆ ಟಿಲ್ಡೆ (~) ಅಲಂಕಾರಕ್ಕಲ್ಲ. ಆವೃತ್ತಿ ಹೋಲಿಕೆಯಲ್ಲಿ ಟಿಲ್ಡೆ 'ಏನೂ ಇಲ್ಲ' ಎಂಬುದಕ್ಕಿಂತಲೂ ಕೆಳಗೆ ಬರುತ್ತದೆ. ಹಾಗಾಗಿ 2.1-3~ಬಿಪಿಒ12+1 ಎಂಬ ಬ್ಯಾಕ್‌ಪೋರ್ಟ್ (ಹಳೆಯ ಬಿಡುಗಡೆಗಾಗಿ ಮತ್ತೆ ಕಟ್ಟಿದ ಹೊಸ ಆವೃತ್ತಿ), 2.1-3ಕ್ಕಿಂತ ಚಿಕ್ಕದು, 2.1-3~ಗಿಂತ ದೊಡ್ಡದು. ಟಿಲ್ಡೆ ಬಿಟ್ಟರೆ, ಫೈಲನ್ನು ಸರಿಯಾಗಿಯೇ ಸಾಗಿಸಿಕೊಂಡ ಬ್ಯಾಕ್‌ಪೋರ್ಟ್ ಕೂಡ 'ಹಳೆಯದು' ಎಂಬ ಲೆಕ್ಕಕ್ಕೆ ಬಿದ್ದು ಬ್ರೇಕ್ಸ್‌ಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಕೇಳದೆಯೇ ಸರಿ ಬರೆದು ಕಳಿಸುವವರ ಮೇಲೆ ಸ್ಪಾನ್ಸರ್‌ಗೆ ಭರವಸೆ ಬೇಗ ಕೂರುತ್ತದೆ.

ಕಾಪಿರೈಟ್ ಫೈಲಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅಪ್‌ಸ್ಟ್ರೀಮ್‌ನ ಲೈಸೆನ್ಸ್ ಫೈಲನ್ನು ನಕಲಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಲೈಸೆನ್ಸ್‌ಚೆಕ್ ಅನ್ನು ಸೋರ್ಸ್ ಕೋಡ್‌ನ ಇಡೀ ಮರದ ಮೇಲೆ ಓಡಿಸಿ, ಅದು ಗುರುತಿಸದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ. ವೆಂಡರ್ ಡೈರೆಕ್ಟರಿಯಲ್ಲಿ ಬೇರೆಯವರ ಕೋಡ್ ಇರುತ್ತದೆ, ಪರೀಕ್ಷೆಯ ದತ್ತಾಂಶದಲ್ಲಿ ಯಾರದೋ ಚಿತ್ರ ಇರುತ್ತದೆ, ದಾಖಲೆಗಳ ಜೊತೆ ಮೂಲವಿಲ್ಲದ ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್ ಇರುತ್ತದೆ. ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ ಆರ್‌ಎಫ್‌ಸಿ ಪಠ್ಯಗಳನ್ನು ಟಾರ್‌ಬಾಲ್‌ಗೆ (ಸೋರ್ಸ್ ಕೋಡ್‌ನ ಕಟ್ಟಿಗೆ) ಸೇರಿಸುವ ಅಭ್ಯಾಸ ಕೆಲವು ಅಪ್‌ಸ್ಟ್ರೀಮ್‌ಗಳಿಗಿದೆ. ಮಾರ್ಪಾಡಿಗೆ ಅವಕಾಶವಿಲ್ಲದ ಕಾರಣ ಅವು ಮೇನ್‌ನಲ್ಲಿ (ಆರ್ಕೈವ್‌ನ ಮುಕ್ತ ತಂತ್ರಾಂಶದ ವಿಭಾಗದಲ್ಲಿ) ಇರುವಂತಿಲ್ಲ. ಇಂಥವನ್ನು ಕಾಪಿರೈಟ್ ಫೈಲಿನ ಫೈಲ್ಸ್-ಎಕ್ಸ್‌ಕ್ಲೂಡೆಡ್ ಸಾಲಿನಲ್ಲಿ ಬರೆದರೆ ಅಪ್‌ಸ್ಟ್ರೀಮ್ ಬಿಡುಗಡೆಗಳನ್ನು ತರುವ ಯುಸ್ಕ್ಯಾನ್ ಟಾರ್‌ಬಾಲನ್ನು ಮರುಕಟ್ಟಿ ಕೊಡುತ್ತದೆ. ಆವೃತ್ತಿಗೆ +ಡಿಎಫ್‌ಎಸ್‌ಜಿ (ಡೆಬಿಯನ್‌ನ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಗುರುತು) ಸೇರಿಸಲು ಮರೆಯಬೇಡಿ.

ಈ ಕೆಲಸದ ಜೊತೆಜೊತೆಗೆ ಅಪ್‌ಲೋಡ್‌ಗೆ ಡಿಜಿಟಲ್ ಸಹಿ ಹಾಕುವ ಕೀಯನ್ನೂ ಸಿದ್ಧಪಡಿಸಿ, ಕೊನೆಗೆ ಬಿಡಬೇಡಿ. 1024 ಬಿಟ್‌ನ ಕೀಗಳು 2015ರ ಆರಂಭದಲ್ಲೇ ಡೆಬಿಯನ್ ಕೀರಿಂಗ್‌ನಿಂದ (ಒಪ್ಪಿದ ಕೀಗಳ ಸಂಗ್ರಹದಿಂದ) ಹೊರಬಿದ್ದವು. ಈಗ ಆರ್‌ಎಸ್‌ಎ 4096 ಮಾಡಿಕೊಂಡರೆ ಯಾವ ತಕರಾರೂ ಇಲ್ಲ. ಮುಖ್ಯ ಕೀ ಆಫ್‌ಲೈನ್ ಇರಲಿ, ದಿನದ ಸಹಿಗೆ ಸಬ್‌ಕೀ ಸಾಕು. ಕೀಯನ್ನು ರದ್ದುಮಾಡುವ ರಿವೊಕೇಶನ್ ಪ್ರಮಾಣಪತ್ರವನ್ನು ಅಂದೇ ತೆಗೆದು ಬೇರೆ ಕಡೆ ಇಡಿ. ಕೀ ಮೇಲೆ ಡೆಬಿಯನ್ ಡೆವಲಪರ್ ಸಹಿ ಬೇಕು. ಅದಕ್ಕೆ ಹೆಚ್ಚಿನವರು ಎದುರಿಗೆ ಕೂತು ಗುರುತಿನ ಚೀಟಿ ನೋಡಲು ಬಯಸುತ್ತಾರೆ, ಆದ್ದರಿಂದ ಡೆವಲಪರ್‌ಗಳು ಒಂದೆಡೆ ಸೇರುವ ಅವಕಾಶ ಸಿಕ್ಕಾಗ ಕೀಯ ಫಿಂಗರ್‌ಪ್ರಿಂಟ್ (ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಮುದ್ರಿಸಿದ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದು ಸಹಿಯೊಂದಿಗೆ ತೃಪ್ತರಾಗದೆ ಎರಡು ಪಡೆದರೆ ಮುಂದೆ ಡೆವಲಪರ್ ಆಗುವಾಗಲೂ ಉಪಯೋಗಕ್ಕೆ ಬರುತ್ತದೆ.

ಅರ್ಜಿಯಲ್ಲಿ ನಾವು ಮಾಡುವುದು ಇಷ್ಟು: ಡಿಎಂ ಆಗುವ ಇಂಗಿತವನ್ನು ಬರೆಯುವುದು; ಸಾಮಾಜಿಕ ಒಪ್ಪಂದ, ಮುಕ್ತ ತಂತ್ರಾಂಶ ಮಾರ್ಗಸೂಚಿ, ಯಂತ್ರ ಬಳಕೆಯ ನಿಯಮಗಳಿಗೆ ಒಪ್ಪಿಗೆ ಕೊಡುವುದು; ಎರಡಕ್ಕೂ ಅದೇ ಕೀಯಿಂದ ಕ್ಲಿಯರ್‌ಸೈನ್ (ಪಠ್ಯ ಓದಲು ಸಿಗುವಂತೆಯೇ ಡಿಜಿಟಲ್ ಸಹಿ) ಮಾಡುವುದು. ಸಹಿ ಮಾಡಿದ ಪಠ್ಯವನ್ನು ಅಂಟಿಸುವಾಗ ಎಡಿಟರ್ ಸಾಲು ಮುರಿದರೆ ಸಹಿ ಕೆಡುತ್ತದೆ. ಅಡ್ವೊಕೇಟ್ ತಮ್ಮ ಪತ್ರವನ್ನು ತಾವೇ ಸಹಿ ಮಾಡಿ ಹಾಕುತ್ತಾರೆ. ನೀವು ಮಾಡಿದ ಅಪ್‌ಲೋಡ್‌ಗಳ ಪಟ್ಟಿ, ಮುಚ್ಚಿದ ದೋಷಗಳ ಸಂಖ್ಯೆಗಳನ್ನು ಅವರಿಗೆ ಮೊದಲೇ ಕೊಟ್ಟಿದ್ದರೆ ಪತ್ರಕ್ಕೆ ತೂಕ ಬರುತ್ತದೆ. 'ಒಳ್ಳೆಯವರು' ಎಂಬ ಪತ್ರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಒಪ್ಪಿಗೆ ಸಿಕ್ಕು ಕೀರಿಂಗ್ ಸೇರಿದ ಕೂಡಲೇ ಅಪ್‌ಲೋಡ್ ಮಾಡಲು ಹೊರಡಬೇಡಿ. ಕೀರಿಂಗ್‌ನಲ್ಲಿರುವುದೇ ಬೇರೆ, ಪ್ಯಾಕೇಜಿಗೆ ಅನುಮತಿ ಇರುವುದೇ ಬೇರೆ. ಡೆವಲಪರ್ ಒಬ್ಬರು ಡಿಕಟ್ ಆದೇಶದಿಂದ ನಿಮ್ಮ ಕೀಯ ಫಿಂಗರ್‌ಪ್ರಿಂಟ್‌ಗೆ ಇಂಥ ಸೋರ್ಸ್ ಪ್ಯಾಕೇಜ್ ಎಂದು ಹೆಸರಿಸಿ ಅನುಮತಿ ಕೊಡಬೇಕು. ಕಂಟ್ರೋಲ್ ಫೈಲಿನಲ್ಲೇ ಒಂದು ಸಾಲು ಬರೆದು ಅನುಮತಿ ಕೊಡುವ ಹಳೆಯ ಪದ್ಧತಿ ಹೋಗಿ ಬಹಳ ಕಾಲವಾಯಿತು, ಆ ಸಾಲು ಎಲ್ಲಾದರೂ ಕಂಡರೆ ಅಳಿಸಿಬಿಡಿ. ಕೀ ಬದಲಾಯಿಸಿದರೆ ಹಳೆಯ ಅನುಮತಿ ಹೊಸ ಕೀಗೆ ತಾನಾಗಿ ಬರುವುದಿಲ್ಲ.

ಡಿಎಂಗೆ ಮುಚ್ಚಿದ ಬಾಗಿಲು 'ನ್ಯೂ'. ಲೈಬ್ರರಿ ನೋಡಿಕೊಳ್ಳುವವರಿಗೆ ಇದರ ಬಿಸಿ ಹೆಚ್ಚು: ಅಪ್‌ಸ್ಟ್ರೀಮ್ ಎಸ್‌ಒನೇಮ್ (ಲೈಬ್ರರಿಯ ಹೊಂದಾಣಿಕೆ ಬದಲಾದಾಗ ಏರುವ ಆವೃತ್ತಿ ಗುರುತು) ಏರಿಸಿದರೆ ಬೈನರಿ ಪ್ಯಾಕೇಜಿನ ಹೆಸರೇ ಬದಲಾಗುತ್ತದೆ, ಹೆಸರು ಬದಲಾದರೆ ಅದು ಹೊಸ ಪ್ಯಾಕೇಜ್. ಆಗ ಮತ್ತೆ ಸ್ಪಾನ್ಸರ್ ಬೇಕು, ಬೈನರಿ ಸಮೇತ ಕಳಿಸಬೇಕು, ಸರದಿ ದಾಟಿದ ಮೇಲೆ ಸೋರ್ಸ್ ಮಾತ್ರ ಇರುವ ಇನ್ನೊಂದು ಅಪ್‌ಲೋಡ್ ಆಗಬೇಕು. ಮೇಂಟೇನರ್ ತನ್ನ ಯಂತ್ರದಲ್ಲಿ ಕಟ್ಟಿದ ಬೈನರಿ 2019ರಿಂದ ಟೆಸ್ಟಿಂಗ್‌ಗೆ (ಮುಂದಿನ ಬಿಡುಗಡೆ ರೂಪುಗೊಳ್ಳುವ ಶಾಖೆಗೆ) ದಾಟುವುದಿಲ್ಲ. ಫ್ರೀಜ್ (ಬಿಡುಗಡೆಗೆ ಮುಂಚೆ ಬದಲಾವಣೆಗಳಿಗೆ ತಡೆ ಹಾಕುವ ಕಾಲ) ಹತ್ತಿರವಿದ್ದರೆ ಇದನ್ನೆಲ್ಲ ಎಕ್ಸ್‌ಪೆರಿಮೆಂಟಲ್ ಎಂಬ ಪ್ರಯೋಗದ ಶಾಖೆಯಲ್ಲೇ ಇಟ್ಟುಕೊಳ್ಳಿ. ಫ್ರೀಜ್ ನಡುವೆ ಅನ್‌ಸ್ಟೇಬಲ್‌ಗೆ ಹೊಸ ಆವೃತ್ತಿ ತಳ್ಳಿದ ಡಿಎಂ ಹೆಸರನ್ನು ಜನ ಬೇಗ ಮರೆಯುವುದಿಲ್ಲ.

ಮೊದಲ ಸ್ವಂತ ಅಪ್‌ಲೋಡ್ ಚಿಕ್ಕದಾಗಿರಲಿ. ಚೇಂಜ್‌ಲಾಗ್‌ನಲ್ಲಿ 'ಅನ್‌ರಿಲೀಸ್ಡ್' ಉಳಿದಿದೆಯೇ, ಆರಿಜ್ ಟಾರ್‌ಬಾಲ್ (ಅಪ್‌ಸ್ಟ್ರೀಮ್‌ನ ಮೂಲ ಕಟ್ಟು) ಆರ್ಕೈವ್‌ನಲ್ಲಿರುವುದೇ ಹೌದೇ ಎಂದು ನೋಡಿ. ಗಿಟ್‌ನಿಂದ ಮತ್ತೆ ಕಟ್ಟಿದ ಟಾರ್‌ಬಾಲ್ ಒಳಗಿನ ಫೈಲುಗಳು ಒಂದೇ ಆದರೂ ಚೆಕ್‌ಸಮ್ ಬೇರೆಯಾಗಿ ರಿಜೆಕ್ಟ್ ಬರುತ್ತದೆ. ರಿಜೆಕ್ಟ್ ಆದದ್ದನ್ನು ಸರಿಪಡಿಸಿ ಅದೇ ಆವೃತ್ತಿಯಲ್ಲಿ ಕಳಿಸಬಹುದು, ಆದರೆ ಅಪ್‌ಲೋಡ್ ಮಾಡುವ ಸಾಧನ ಡಿಪುಟ್ ತಾನು ಬಿಟ್ಟುಹೋದ ಅಪ್‌ಲೋಡ್ ಗುರುತಿನ ಫೈಲು ಕಂಡು 'ಆಗಲೇ ಕಳಿಸಿದ್ದಾಗಿದೆ' ಎನ್ನುತ್ತದೆ. ಒತ್ತಾಯದ ಆಯ್ಕೆ ಕೊಡಬೇಕು. ರಿಜೆಕ್ಟ್ ಪತ್ರವೂ ಇಲ್ಲ, ಸ್ವೀಕಾರದ ಪತ್ರವೂ ಇಲ್ಲ, ಫೈಲು ಮಾಯ ಎಂದಾದರೆ ಸಹಿಯನ್ನು ನೋಡಿ. ಗುರುತಿಲ್ಲದ ಕೀಯ ಸಹಿಯಿದ್ದ ಅಪ್‌ಲೋಡ್‌ಗೆ ಉತ್ತರ ಬರುವುದಿಲ್ಲ, ಯಾರಿಗೆ ಬರೆಯಬೇಕೆಂದು ನಂಬಲು ಆಧಾರವೇ ಇಲ್ಲವಲ್ಲ.

ಹೀಗಾಗಲು ಬಹುಸಾಮಾನ್ಯ ಕಾರಣ ಕೀಯ ಅವಧಿ. ಹೊಸ ಅವಧಿ, ಹೊಸ ಸಬ್‌ಕೀ ಎರಡನ್ನೂ ಡೆಬಿಯನ್‌ನ ಕೀರಿಂಗ್ ಸರ್ವರ್‌ಗೇ ಕಳಿಸಬೇಕು, ಬೇರೆ ಕೀಸರ್ವರ್‌ಗೆ ಕಳಿಸಿದರೆ ಸಾಲದು. ಕಳಿಸಿದರೂ ಆರ್ಕೈವ್ ನೋಡುವ ಕೀರಿಂಗ್ ಸುಮಾರು ತಿಂಗಳಿಗೊಮ್ಮೆ ಮಾತ್ರ ನವೀಕರಣವಾಗುತ್ತದೆ. ಅವಧಿ ಮುಗಿಯುವ ದಿನಕ್ಕೆ ಎರಡು ತಿಂಗಳ ಹಿಂದಿನ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.