ಹಳೇ ಬೇಸ್‌ಬಾಲ್ ಸ್ಟೇಡಿಯಂ ಇತಿಹಾಸ ಓದೋದು ಹೆಂಗ: ಕಲಬುರಗಿಯಾಗ ಕೂತು ಫೆನ್‌ವೇ ಪಾರ್ಕ್ ತಿಳ್ಕೊಳ್ಳೋ ದಾರಿ

ಮುಂಜಾನಿ 4:40ಕ್ಕ ಅಲಾರಾಂ ಇಟ್ಟು ಏಳೋ ರೂಢಿ ನನಗ ಹತ್ತಿದ್ದು ಒಂದು ಹಸಿರು ಗೋಡಿ ಸಲುವಾಗಿ. ಅಮೆರಿಕದ ಬೋಸ್ಟನ್‌ದಾಗ ಬ್ಯಾಸಿಗಿ ಸಂಜಿ 7:10ಕ್ಕ ಮ್ಯಾಚ್ ಶುರುವಾದ್ರ ನಮ್ ಕಲಬುರಗಿಯಾಗ ಬರೋಬ್ಬರಿ 4:40 ಆಗಿರ್ತದ. ಹೊರಗ ಇನ್ನೂ ತಂಪಿರ್ತದ, ಹಾಲಿನವ ಬಂದಿರಲ್ಲ, ಚಹಾ ಮಾಡ್ಕೊಂಡು ಫೋನ್ ಹಚ್ಚಿ ಕೂತ್ರ ಫೆನ್‌ವೇ ಪಾರ್ಕ್ ಕಾಣ್ತದ, 1912ರಾಗ ಕಟ್ಟಿದ್ದು, ಅಮೆರಿಕದ ದೊಡ್ಡ ಲೀಗಿನ್ಯಾಗ ಇನ್ನೂ ಆಟ ನಡಿಯೋ ಸ್ಟೇಡಿಯಂಗಳ ಪೈಕಿ ಎಲ್ಲಕ್ಕಿಂತ ಹಳೇದು. ನೋಡಿ ನೋಡಿ ನನಗ ಇದರ ಇತಿಹಾಸ ಓದೋ ಒಂದು ಪದ್ಧತಿ ಸಿಕ್ಕದ, ಅದನ್ನ ಇಲ್ಲಿ ಪೂರಾ ಹೇಳ್ತೀನಿ, ಬೇಸ್‌ಬಾಲ್ ಗೊತ್ತಿಲ್ದವ್ರಿಗೂ ಆಗೋ ಹಂಗ.

ಪದ್ಧತಿ ಇಷ್ಟೇ: ಇಸವಿ ಪಟ್ಟಿ ಹಿಡ್ಕೊಂಡು ಶುರು ಮಾಡಬ್ಯಾಡ್ರಿ, ಸ್ಟೇಡಿಯಂದಾಗ ಎಲ್ಲಿ ಸೊಟ್ಟ ಅದ, ಯಾವ್ದು ಬ್ಯಾರೆ ಕಡಿ ಇದ್ದಂಗ ಇಲ್ಲ ಅದನ್ನ ಹಿಡೀರಿ, "ಇದು ಯಾಕ ಹಿಂಗದ?" ಅಂತ ಕೇಳ್ರಿ. ನಮ್ ಬೀದರಿಗೆ ಹೋದವ್ರಿಗೆ ಇದು ಥಟ್ನ ತಿಳೀತದ. ಮಹಮೂದ್ ಗವಾನ್ ಮದರಸಾದ ಮುಂದ ಒಂದೇ ಮಿನಾರ್ ನಿಂತದ, ಎರಡನೇದು ಎಲ್ಲಿ ಅಂತ ಕೇಳಿದ್ರ 1472ರ ವಿದ್ಯಾಕೇಂದ್ರ, ಅಲ್ಲಿಂದ ಔರಂಗಜೇಬನ ಫೌಜು, ಒಳಗ ಇಟ್ಟಿದ್ದ ಮದ್ದು, ಆ ಸ್ಫೋಟ, ಎಲ್ಲಾ ಒಂದರ ಹಿಂದ ಒಂದು ಬರ್ತದ. ಎರಡೂ ಮಿನಾರ್ ಇದ್ದಿದ್ರ ಯಾರೂ ಕೇಳ್ತಿರ್ಲಿಲ್ಲ. ಫೆನ್‌ವೇದಾಗ ಇಂಥವು ಹೆಜ್ಜಿಗೊಂದು ಅವ.

ಮೊದಲು ಒಂದು ನೋಟ್‌ಬುಕ್ ತೊಗೋರಿ, ಫೋನಿನ ಮ್ಯಾಪ್‌ದಾಗ ಸ್ಯಾಟಲೈಟ್ ಚಿತ್ರ ತಗೀರಿ, ಫೆನ್‌ವೇ ಪಾರ್ಕ್ ಅಂತ ಹುಡುಕ್ರಿ. ಕ್ರಿಕೆಟ್ ಮೈದಾನ ದುಂಡಗಿರ್ತದ, ಬೇಸ್‌ಬಾಲಿಂದು ಬೀಸಣಿಗಿ ಹಂಗ, ಹಿಡಿ ಇರೋ ಮೂಲ್ಯಾಗ ಬ್ಯಾಟ್ಸ್‌ಮನ್ ನಿಲ್ತಾನ, ಅದಕ್ಕ ಹೋಮ್ ಪ್ಲೇಟ್ ಅಂತಾರ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಗೆರಿ ಹೋಗ್ತದ, ಗೆರಿ ಮುಗಿಯೋ ಕಡಿ ಹಳದಿ ಕಂಬ ಇರ್ತದ. ಎರಡೂ ಗೆರಿ ನಡುವ ಚೆಂಡು ಗೋಡಿ ದಾಟಿದ್ರ ಹೋಮ್ ರನ್, ನಮ್ಮ ಸಿಕ್ಸರ್ ಇದ್ದಂಗ. ಇದನ್ನ ಕೈಲೇ ಬರೀರಿ, ದೂರ ಹಾಕ್ರಿ: ಎಡಕಂಬಕ್ಕ 310 ಫೂಟು, ಬಲಕಂಬಕ್ಕ 302, ನಡುವ 390, ಬಲಕ್ಕ ಜರಾ ಸರಿದ ಒಂದು ಮೂಲಿ 420. ಪ್ರಿಂಟ್ ತೆಗೆದ್ರ ಆಗಲ್ಲ, ಕೈಲೇ ಗೆರಿ ಎಳೆದಾಗೇ ಇದು ಎಷ್ಟು ಅಂಕುಡೊಂಕು ಅದ ಅಂತ ಗೊತ್ತಾಗ್ತದ. 1958ರ ಮ್ಯಾಲ ಹೊಸದಾಗಿ ಕಟ್ಟೋ ಸ್ಟೇಡಿಯಂಗಳಿಗೆ ಕಂಬದ ತನಕ ಕಮ್ಮೀತ ಕಮ್ಮಿ 325 ಫೂಟು ಇರ್ಬೇಕು ಅಂತ ನಿಯಮ ಬಂತು, ಅಂದ್ರ ಫೆನ್‌ವೇ ಈಗ ಹಿಂಗೇ ಕಟ್ತೀನಿ ಅಂದ್ರ ಆ ನಿಯಮಕ್ಕ ಹೊಂದಂಗಿಲ್ಲ.

ಈಗ ಎಡಗಡಿ ನೋಡ್ರಿ. ಗೋಡಿ ಬೆನ್ನಿಗೇ ಒಂದು ರಸ್ತಾ ಅದ, ಲ್ಯಾನ್ಸ್‌ಡೌನ್ ಸ್ಟ್ರೀಟ್. ಇಡೀ ಸ್ಟೇಡಿಯಂದ ಬೀಗದ ಕೈ ಅದೇ. ಊರಿನ ರಸ್ತಾ ಮೊದಲೇ ಇದ್ದವು, ನಡುವ ಉಳಿದ ಜಾಗದಾಗ ಮೈದಾನ ಹಿಡಿಸಬೇಕಾಗಿತ್ತು, ಹಿಂಗಾಗಿ ಎಡಕ್ಕ ಜಾಗ ಸಾಲಲಿಲ್ಲ. ಜಾಗ ಕಮ್ಮಿ ಆದ್ರ ಏನ್ ಮಾಡ್ಬೇಕು, ಎತ್ತರ ಏರಿಸ್ಬೇಕು. ಆ ಗೋಡಿ ಈಗ 37 ಫೂಟು ಅದ, ನಮ್ ಕಡಿ ಮೂರು ಅಂತಸ್ತಿನ ಮನಿ ಅಷ್ಟು. ಗ್ರೀನ್ ಮಾನ್‌ಸ್ಟರ್ ಅಂತಾರ ಅದಕ್ಕ, ಹಸಿರು ರಾಕ್ಷಸ. ಆದ್ರ ಶುರುವಿಗೆ ಅದು ಹಸಿರಾಗಿರ್ಲಿಲ್ಲ, ಕಟ್ಟಿಗಿ ಗೋಡಿ, ಮ್ಯಾಲೆಲ್ಲಾ ಜಾಹೀರಾತು, 1934ರಾಗ ತಗಡು ಹೊದಿಸಿ ಹೊಸದಾಗಿ ಕಟ್ಟಿದ್ರು, 1947ರಾಗ ಜಾಹೀರಾತು ತಗದು ಹಸಿರು ಬಣ್ಣ ಬಳದ್ರು. ಗೋಡಿ ಮುಂದ ಮೊದಲು ಒಂದು ಮಣ್ಣಿನ ದಿಬ್ಬ ಇತ್ತು, ಸುಮಾರು 10 ಫೂಟು ಏರು, ಡಫಿ ಲೂಯಿಸ್ ಅನ್ನೋ ಆಟಗಾರ ಓಡ್ಕೋತ ಆ ದಿಬ್ಬ ಹತ್ತಿ ಕ್ಯಾಚ್ ಹಿಡಿಯೋದ್ರಾಗ ಎಂಥ ಪಳಗಿದವ ಅಂದ್ರ ಅದಕ್ಕ ಡಫೀಸ್ ಕ್ಲಿಫ್ ಅಂತಾನೇ ಹೆಸರು ಬಿತ್ತು, 1934ರ ಹೊತ್ತಿಗೆ ಅದನ್ನ ಸಪಾಟ ಮಾಡಿದ್ರು. ರಸ್ತಾದ ಆಕಡಿ ಅಂಗಡಿಗಳ ಗಾಜು ಒಡೀಬಾರ್ದು ಅಂತ 1936ರಾಗ ಗೋಡಿ ಮ್ಯಾಲ ಬಲಿ ಕಟ್ಟಿದ್ರು, 2003ರಾಗ ಆ ಬಲಿ ತಗದು ಅಲ್ಲೇ ಕುರ್ಚಿ ಹಾಕಿದ್ರು. ನೋಡ್ರಿ, ಒಂದೇ ಗೋಡಿ ಹಿಡ್ಕೊಂಡು ತೊಂಬತ್ತು ವರ್ಷ ದಾಟಿ ಬಂದಿವಿ.

ನೋಟ್‌ಬುಕ್ಕಿನ್ಯಾಗ ಪ್ರತಿ ಸೊಟ್ಟಕ್ಕ ಒಂದು ಹಾಳಿ ಬಿಡ್ರಿ. ಮ್ಯಾಲ ಏನ್ ಕಾಣ್ತದ ಬರೀರಿ, ಕೆಳಗ ಯಾಕ, ಅದರ ಕೆಳಗ ಯಾವಾಗ. ಇಸವಿ ಕಡೀಕ ಬರ್ಬೇಕು, ಆಗ ಅದು ತಲ್ಯಾಗ ನಿಲ್ತದ.

ಶುರುವಿನ ದಿನದ ಸುದ್ದಿ ಹುಡುಕೋವಾಗ ಒಂದು ಮಾತು ನೆನಪಿಡ್ರಿ, ಆ ವಾರ ಲೋಕದಾಗ ಬ್ಯಾರೆ ಏನ್ ನಡದಿತ್ತು ಅದನ್ನೂ ನೋಡ್ಬೇಕು. ಫೆನ್‌ವೇದಾಗ ಮೊದಲ ಲೀಗ್ ಮ್ಯಾಚ್ 1912ರ ಏಪ್ರಿಲ್ 20ಕ್ಕ, ಮಳಿ ಬಂದು ಮುಂದಕ್ಕ ಹಾಕ್ಕೋತ ಹೋಗಿ ಕಡೀಕ ಆ ದಿನ ಆಡಿದ್ರು, ಈ ಮೈದಾನದ ತಂಡ ರೆಡ್ ಸಾಕ್ಸ್ 11 ಇನ್ನಿಂಗ್ಸ್ (ಬೇಸ್‌ಬಾಲ್‌ದಾಗ ಇನ್ನಿಂಗ್ಸ್ ಅಂದ್ರ ಸಣ್ಣ ಸರದಿ, ಮಾಮೂಲಿ 9 ಇರ್ತಾವ) ಆಡಿ ನ್ಯೂಯಾರ್ಕಿನವ್ರನ್ನ 7-6ಕ್ಕ ಸೋಲಿಸ್ತು. ಆದ್ರ ಐದು ದಿನದ ಹಿಂದಷ್ಟೇ ಟೈಟಾನಿಕ್ ಮುಳುಗಿತ್ತು, ಪೇಪರಿನ ತುಂಬ ಅದೇ ದುಃಖ, ಹೊಸ ಸ್ಟೇಡಿಯಂ ಸುದ್ದಿ ಮೂಲ್ಯಾಗ ಉಳೀತು. ಹಳೇ ಪೇಪರ್ ತಿರುವಿ ಹಾಕೋವ್ರು ಸಣ್ಣ ಸುದ್ದಿ ನೋಡಿ ಸಣ್ಣ ಘಟನೆ ಅಂತ ತಿಳ್ಕೊಂಡುಬಿಡ್ತಾರ, ಹಂಗ ಮಾಡಬ್ಯಾಡ್ರಿ.

ಅದಾದ ಮ್ಯಾಲ ರೊಕ್ಕ ಎಲ್ಲಿಂದ ಬಂತು, ಎಲ್ಲಿ ನಿಂತ್ತು ಅಂತ ಹುಡುಕ್ರಿ, ಕಟ್ಟಡದಾಗ ಆಗೋ ಬದಲಾವಣಿ ಎಲ್ಲಾ ಅದರ ಹಿಂದೇ ಬರ್ತಾವ. ರೆಡ್ ಸಾಕ್ಸ್ 1918ರ ತನಕ ಗೆದ್ದದ್ದೇ ಗೆದ್ದದ್ದು, ಆಮ್ಯಾಲ ತಮ್ಮ ಭಾರಿ ಆಟಗಾರ ಬೇಬ್ ರೂತ್‌ನನ್ನ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ರು, ತಂಡ ಬಿತ್ತು, ಕೈಯಾಗ ದುಡ್ಡಿಲ್ಲ. 1926ರಾಗ ಎಡಗಡಿ ಕಟ್ಟಿಗಿ ಸ್ಟ್ಯಾಂಡಿಗೆ ಬೆಂಕಿ ಬಿದ್ದು ಸುಟ್ಟು ಹೋದ್ರ ತಿರುಗಿ ಕಟ್ಲಿಲ್ಲ, ಹಂಗೇ ಖಾಲಿ ಬಿಟ್ರು. 1933ರಾಗ ಟಾಮ್ ಯಾಕಿ ಅನ್ನೋ ಶ್ರೀಮಂತ ಕೊಂಡ, ದುರಸ್ತಿ ಹಚ್ಚಿದ, 1934ರ ಜನವರಿ 5ಕ್ಕ ಮತ್ತ ಬೆಂಕಿ, ಆದ್ರ ಈ ಸಲ ದುಡ್ಡಿತ್ತು, ಅದೇ ಏಪ್ರಿಲ್‌ದಾಗ ಕಾಂಕ್ರೀಟು ಉಕ್ಕು ಹಾಕಿದ ಸ್ಟೇಡಿಯಂ ಬಾಗಿಲು ತೆರೀತು. ಎರಡು ಬೆಂಕಿ, ಒಂದಕ್ಕ ಖಾಲಿ ಜಾಗ, ಇನ್ನೊಂದಕ್ಕ ಹೊಸ ಕಟ್ಟಡ, ವ್ಯತ್ಯಾಸ ರೊಕ್ಕದ್ದು. ಈಗ ನೀವು ನೋಡೋ ಫೆನ್‌ವೇದಾಗ ಬಹಳಷ್ಟು ಆ 1934ರದ್ದೇ.

ಸಣ್ಣ ಗುರುತು ಬಿಡಬ್ಯಾಡ್ರಿ, ನನಗ ಎಲ್ಲಕ್ಕಿಂತ ಪ್ರೀತಿ ಇವೇ. ಬಲಗಡಿ ಹಸಿರು ಕುರ್ಚಿಗಳ ಸಾಗರದಾಗ ಒಂದೇ ಒಂದು ಕೆಂಪು ಕುರ್ಚಿ ಅದ, 42ನೇ ಸೆಕ್ಷನ್, 37ನೇ ಸಾಲು, 21ನೇ ಕುರ್ಚಿ. 1946ರ ಜೂನ್ 9ಕ್ಕ ರೆಡ್ ಸಾಕ್ಸ್‌ದ ಟೆಡ್ ವಿಲಿಯಮ್ಸ್ ಹೊಡದ ಚೆಂಡು 502 ಫೂಟು ಹಾರಿ ಅಲ್ಲಿ ಕೂತಿದ್ದ ಒಬ್ಬರ ಹುಲ್ಲಿನ ಟೋಪಿಗೆ ತೂತು ಮಾಡಿತ್ತು. ಟಿವಿಯಾಗ ಬಲಗಡಿ ತೋರಿಸಿದಾಗ ಚಿತ್ರ ನಿಲ್ಲಿಸಿ ಹುಡುಕ್ರಿ, ಕಾಣ್ತದ. ಎಡದ ಹಳದಿ ಕಂಬಕ್ಕ 1975ರ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್ ಸರಣಿ) ಆರನೇ ಪಂದ್ಯದಾಗ, 12ನೇ ಇನ್ನಿಂಗ್ಸ್‌ದಾಗ, ರೆಡ್ ಸಾಕ್ಸ್‌ದ ಕಾರ್ಲ್‌ಟನ್ ಫಿಸ್ಕ್ ಹೊಡದ ಚೆಂಡು ಬಡದಿತ್ತು, ಚೆಂಡು ಗೆರಿ ಹೊರಗ ಹೋಗಬಾರ್ದು ಅಂತ ಅವ ಎರಡೂ ಕೈಲೇ ಗಾಳಿ ತಳ್ಳಿಕೋತ ಕುಣಕೋತ ಹೋಗೋ ವಿಡಿಯೋ ಮುದ್ದಾಂ ನೋಡ್ರಿ. ಮುಂದ ಏಳನೇ ಪಂದ್ಯ ಸೋತ್ರು, ಸೀರೀಸ್ ಹೋಯ್ತು, ಆದ್ರೂ ಆ ಕಂಬಕ್ಕ ಫಿಸ್ಕ್ ಹೆಸರೇ ಇಟ್ಟಾರ. ಸೋತ ವರ್ಷದ್ದೂ ಊರು ಇಷ್ಟು ಜ್ವಾಕಿ ಇಟ್ಕೊಂಡದಲ್ಲಾ ಅಂತ ನೆನೆಸಿದಾಗೆಲ್ಲಾ ನನ್ನ ಗಂಟಲು ತುಂಬ್ತದ.

ಗೋಡಿ ಬುಡದಾಗ ಸ್ಕೋರ್‌ಬೋರ್ಡ್ ಅದ, 1934ರದ್ದು, ಇವತ್ತಿಗೂ ಗೋಡಿ ಒಳಗ ಮನುಷ್ಯಾರು ಕೂತು ಕೈಲೇ ಅಂಕಿ ತೂಗು ಹಾಕ್ತಾರ. ಅದರ ಬಿಳೀ ಉದ್ದ ಗೆರಿಗಳೊಳಗ ಚುಕ್ಕಿ, ಸಣ್ಣ ಗೀಟು ಕಾಣ್ತಾವ, ಅದು ಮೋರ್ಸ್ ಕೋಡ್, ತಂತಿ ಕಚೇರಿ ಭಾಷಾ. ಯಾಕಿ ಗಂಡ ಹೆಂಡ್ತಿ ಹೆಸರಿನ ಮೊದಲ ಅಕ್ಷರ ಅವು.

ಈ ಹೆಸರಿನ ಹತ್ರ ನಿಂತು ನೀವು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಮೈದಾನದಾಗ ಯಾರಿಗೆ ಜಾಗ ಇರ್ಲಿಲ್ಲ? ಸ್ಟೇಡಿಯಂ ಪ್ರೀತಿ ಮಾಡೋವ್ರು ಬಹಳ ಮಂದಿ ಇದನ್ನ ಬಿಟ್ಟು ಬರೀತಾರ, ಅದು ತಪ್ಪು ಅಂತ ನಾ ಖಡಾಖಂಡಿತ ಹೇಳ್ತೀನಿ. ದೊಡ್ಡ ಲೀಗಿನ್ಯಾಗ ಆಗ ಕಪ್ಪು ಆಟಗಾರರನ್ನ ತೊಗೋತಿರ್ಲಿಲ್ಲ, 1945ರ ಏಪ್ರಿಲ್ 16ಕ್ಕ ಜಾಕಿ ರಾಬಿನ್ಸನ್ ಇನ್ನಿಬ್ಬರು ಕಪ್ಪು ಆಟಗಾರರ ಜೋಡಿ ಇದೇ ಫೆನ್‌ವೇಕ್ಕ ಬಂದು ಆಯ್ಕೆ ಪರೀಕ್ಷೆ ಕೊಟ್ಟ, ಚಂದ ಆಡಿದ, ರೆಡ್ ಸಾಕ್ಸ್ ತೊಗೊಳ್ಳಲಿಲ್ಲ. ಎರಡು ವರ್ಷಕ್ಕ ಅವ ಬ್ರೂಕ್ಲಿನ್ ತಂಡದಿಂದ ಇಳದು ಇಡೀ ಆಟದ ದಿಕ್ಕು ಬದಲಿಸಿದ. ಆಗಿದ್ದ 16 ತಂಡದಾಗ ಕಪ್ಪು ಆಟಗಾರನ್ನ ಎಲ್ಲಾರಕಿಂತ ಕಡೀಕ ತೊಗೊಂಡಿದ್ದು ರೆಡ್ ಸಾಕ್ಸ್, 1959ರಾಗ, ಪಂಪ್ಸಿ ಗ್ರೀನ್. ಅಷ್ಟೂ ವರ್ಷ ಮಾಲೀಕ ಯಾಕಿನೇ. ಸ್ಟೇಡಿಯಂ ಮುಂದಿನ ರಸ್ತಾಕ್ಕ 1977ರಾಗ ಅವನ ಹೆಸರು ಇಟ್ಟಿದ್ರು, 2018ರಾಗ ತಗದು ಹಳೇ ಹೆಸರು ಜರ್ಸಿ ಸ್ಟ್ರೀಟ್ ಅಂತಾನೇ ಮಾಡಿದ್ರು. ನಮ್ಮೂರಿನ ಹೆಸರೂ 2014ರಾಗ ಗುಲ್ಬರ್ಗಾದಿಂದ ಕಲಬುರಗಿ ಆದಾಗ ಎಷ್ಟು ಮಾತು ಬಂದ್ವು ನೋಡಿದೀವಿ, ಬೋರ್ಡ್ ಮ್ಯಾಲಿನ ಹೆಸರು ಬದಲಾಯ್ತು ಅಂದ್ರ ಅದರ ಹಿಂದ ದೊಡ್ಡ ಜಗಳ ಇರ್ತದ, ಅದನ್ನ ಹುಡುಕಿ ಬರೀರಿ.

ಇನ್ನ ಉಳಿದಿದ್ದು ಯಾಕ ಉಳೀತು ಅಂತ ತಿಳೀಬೇಕಾದ್ರ ಉಳೀದೇ ಇದ್ದದ್ದನ್ನ ಜೋಡಿ ಇಟ್ಟು ನೋಡ್ಬೇಕು. ಡೆಟ್ರಾಯಿಟ್‌ದ ಟೈಗರ್ ಸ್ಟೇಡಿಯಂ ಫೆನ್‌ವೇ ಜೋಡಿ ಅದೇ ದಿನ, 1912ರ ಏಪ್ರಿಲ್ 20ಕ್ಕ ಶುರುವಾಗಿತ್ತು, 1999ರಾಗ ಕಡೀ ಮ್ಯಾಚ್, 2009ರ ಹೊತ್ತಿಗೆ ಪೂರಾ ಕೆಡವಿದ್ರು. ಕೆಡವಿದ ಮ್ಯಾಲ ಊರ ಮಂದಿ ತಾವಾಗೇ ಬಂದು ಆ ಖಾಲಿ ಜಾಗದಾಗ ಬೆಳದ ಕಸ ಕಿತ್ತು ಹುಲ್ಲು ಕತ್ತರಿಸಿ ಮೈದಾನ ಉಳಿಸ್ಕೊಂಡ್ರು, ಯಾರೂ ಪಗಾರ ಕೊಡ್ಲಿಲ್ಲ. ಬ್ರೂಕ್ಲಿನ್‌ದ ಎಬೆಟ್ಸ್ ಫೀಲ್ಡ್ 1960ರಾಗ ಹೋಯ್ತು, ಈಗ ಅಲ್ಲಿ ಅಪಾರ್ಟ್‌ಮೆಂಟ್. ಫೆನ್‌ವೇನೂ ಕೆಡವಿ ಪಕ್ಕದಾಗ ಹೊಸದು ಕಟ್ತೀವಿ ಅಂತ 1999ರಾಗ ಯೋಜನಾ ಬಂದಿತ್ತು, ಊರ ಮಂದಿ ಎದ್ದು ನಿಂತು ಬ್ಯಾಡ ಅಂದ್ರು, 2002ರಾಗ ಮಾಲೀಕರು ಬದಲಾದ್ರು, ಹೊಸಬ್ರು ಇದನ್ನೇ ದುರಸ್ತಿ ಮಾಡ್ಕೋತ ಹೋದ್ರು. 2004ರಾಗ 86 ವರ್ಷದ ಮ್ಯಾಲ ರೆಡ್ ಸಾಕ್ಸ್ ಮತ್ತ ವರ್ಲ್ಡ್ ಸೀರೀಸ್ ಗೆದ್ತು.

ಈಗ ಇದೇ ನೋಟ್‌ಬುಕ್ ಹಿಡ್ಕೊಂಡು ನಮ್ ಮೈದಾನಕ್ಕ ಹೋಗ್ರಿ. ಕಲಬುರಗಿಯವ್ರಿಗೆ ಚಂದ್ರಶೇಖರ ಪಾಟೀಲ್ ಕ್ರೀಡಾಂಗಣ ಅದ, ಎನ್‌.ವಿ. ಮೈದಾನ ಅದ, ಬೀದರಿನವ್ರಿಗೆ ನೆಹರು ಸ್ಟೇಡಿಯಂ. ಮುಂಜಾನಿ 6ಕ್ಕ ಹೋಗ್ರಿ, ಬ್ಯಾಸಿಗ್ಯಾಗ 9ರ ಮ್ಯಾಲ ನಮ್ ಬಿಸಿಲಾಗ ನಿಂತು ಬರಿಯೋದು ಆಗಲ್ಲ. ಸುತ್ತ ಹೆಜ್ಜಿಲೇ ಅಳೀರಿ, ಯಾವ ಬಾಜು ಗಿಡ್ಡ ಅದ ನೋಡ್ರಿ. ನಾ ಸಣ್ಣಾಂವಿದ್ದಾಗ ಆಡಿದ ಒಂದು ಸಾಲಿ ಮೈದಾನ ಒಂದು ಕಡಿ ಕತ್ತರಿಸಿದಂಗ ಇತ್ತು, ಇಪ್ಪತ್ತು ವರ್ಷ ಯಾಕ ಅಂತ ಕೇಳಿರ್ಲಿಲ್ಲ. ಹೋದ ವರ್ಷ ಅಳದು ಅಲ್ಲೇ ಕಟ್ಟಿ ಮ್ಯಾಲ ಕೂತಿದ್ದ ಒಬ್ರು ಕಾಕಾಗ ಕೇಳಿದೆ, "ಅಲ್ಲಿ ನಾಲಾ ಹರೀತಿತ್ತಪಾ, ಮಳಿಗಾಲದಾಗ ಬಾಲ್ ಹೋದ್ರ ನಾವು ಈಜಿ ತರ್ತಿದ್ವಿ" ಅಂದ್ರು. ಅಲ್ಲಿಂದ ಎರಡು ತಾಸು ಬಿಡದಂಗ ಹೇಳಿದ್ರು.

ಹಿರೇರಿಗೆ ಕೇಳೋವಾಗ "ಇತಿಹಾಸ ಹೇಳ್ರಿ" ಅಂದ್ರ ಸುಮ್ಮನಾಗ್ತಾರ. "ಕಾಕಾ, ಇಲ್ಲಿ ಗೇಟ್ ಮೊದಲು ಯಾ ಕಡಿ ಇತ್ರಿ? ಈ ಫರಸಿ ಹಾಸೋಕಿಂತ ಮೊದ್ಲ ಎಲ್ಲಿ ಕೂಡ್ತಿದ್ರಿ?" ಅಂತ ಒಂದು ಜಾಗ ತೋರಿಸಿ ಕೇಳ್ರಿ. ಆಟಗಾರರಷ್ಟೇ ಅಲ್ಲ, ಶೇಂಗಾ ಮಾರೋವ್ರು, ನೀರ ಹೊಡಿಯೋವ್ರು, ಸುಣ್ಣದ ಗೆರಿ ಹಾಕೋವ್ರು, ಅವ್ರಿಗೆ ಹೆಚ್ಚಿಗಿ ಗೊತ್ತಿರ್ತದ. ರೆಕಾರ್ಡ್ ಮಾಡೋದಿದ್ರ ಮೊದಲೇ ಕೇಳಿ ಮಾಡ್ರಿ. ಒಬ್ರ ಮಾತು ಇಬ್ರ ಹತ್ರ ತಾಳಿ ನೋಡಿ ಆಮ್ಯಾಲ ಪೆನ್ನಿನಿಂದ ಬರೀರಿ, ಅಲ್ಲಿ ತನಕ ಪೆನ್ಸಿಲ್.

ಕಾಗದ ಪತ್ರದಾಗ ನಮ್ ಭಾಗದ್ದೇ ಒಂದು ತೊಡಕು ಅದ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ವಿ, 1956ರ ತನಕ ಹೈದರಾಬಾದ್ ರಾಜ್ಯದಾಗ. ಹಂಗಾಗಿ ಹಳೇ ಜಮೀನಿನ ಕಾಗದ ಉರ್ದುದಾಗ ಇರ್ತಾವ, ಓಣ್ಯಾಗ ಉರ್ದು ಓದೋ ಹಿರೇರು ಇದ್ರ ಅವ್ರನ್ನ ಜೋಡಿ ಕರ್ಕೊಂಡು ಕೂಡ್ರಿ. ತಾರೀಖು ಫಸಲಿ ವರ್ಷದಾಗ, ಅಂದ್ರ ಕಂದಾಯ ಲೆಕ್ಕದ ವರ್ಷದಾಗ ಇರ್ತದ, ಅದಕ್ಕ 590 ಕೂಡಿಸಿದ್ರ ಇಸವಿ ಸಿಗ್ತದ, ಫಸಲಿ 1350 ಅಂತ ಇದ್ರ ಅದು 1940-41ರದ್ದು. ಇದು ಗೊತ್ತಿಲ್ದೇ ಇದ್ರ ಆ ಕಾಗದ ಎಷ್ಟೋ ನೂರು ವರ್ಷದ ಹಿಂದಿಂದು ಅಂತ ಅನಿಸಿಬಿಡ್ತದ.

ಕಾಕಾ ತೋರಿಸಿದ ಆ ನಾಲಾದ ಜಾಗ ನನ್ನ ನೋಟ್‌ಬುಕ್ಕಿನ್ಯಾಗ ಲ್ಯಾನ್ಸ್‌ಡೌನ್ ಸ್ಟ್ರೀಟಿನ ಎದುರು ಹಾಳಿಯಾಗ ಅದ. ಅದನ್ನ ಯಾವಾಗ ಮುಚ್ಚಿದ್ರು ಅಂತ ಹೇಳೋ ಇನ್ನೊಬ್ರು ಸಿಗಬೇಕು, ಬರೋ ಐತವಾರ ಮುಂಜಾನಿ ಮ್ಯಾಚ್ ಮುಗಿಸಿ ಮತ್ತ ಅಲ್ಲೇ ಕಟ್ಟಿ ಹತ್ರ ಹೋಗ್ತೀನಿ.